ಗಂಧವಿಲ್ಲದ ನೆಲ್ಲು, ಹೂವಿಲ್ಲದ ಗಿಡ

ಕಾರಟಗಿ ಕಡೆಯ ಸಿದ್ದಾಪುರದ ಸುತ್ತ ನೆಲ್ಲು ಹೂ ಬಿಡುವುದನ್ನು ನೋಡಬೇಕೆಂದರೆ ಬೆಳಗಿನ ಹತ್ತರಿಂದ ಹನ್ನೆರಡರೊಳಗೆ ಬದುವಿನ ಮೇಲೆ ಕೂತಿರಬೇಕು. ಅದಕ್ಕೂ ಮೊದಲು ತೆನೆಯೆಂಬುದು ಬರೀ ಹಸಿರು ಹೊಟ್ಟು. ಬಿಸಿಲು ತುಸು ಏರಿದ ಮೇಲೆ ಒಂದೊಂದೇ ಹೊಟ್ಟು ಬಾಯಿ ಬಿಚ್ಚುತ್ತದೆ. ಆರು ಕೇಸರಗಳು ಹೊರಗೆ ಜೋತುಬೀಳುತ್ತವೆ. ಗಾಳಿ ಒಂದಿಷ್ಟು ಪರಾಗ ಒಯ್ಯುತ್ತದೆ, ಆದರೆ ಹೆಚ್ಚಿನ ಕೆಲಸ ಆ ಹೂವಿನೊಳಗೇ ಮುಗಿದಿರುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಬಾಯಿ ಮತ್ತೆ ಮುಚ್ಚಿ, ಕೇಸರ ಹೊರಗೇ ಉಳಿದು ಬಾಡುತ್ತದೆ. ಆ ಹೊತ್ತಿನಲ್ಲಿ ಬಗ್ಗಿ ತೆನೆಗೆ ಮೂಗು ಹಚ್ಚಿದರೆ ಹಸಿ ಹುಲ್ಲಿನ ವಾಸನೆ, ಅದರಡಿಯ ಕೆಸರಿನ ವಾಸನೆ, ಪಕ್ಕದ ಹೊಲಕ್ಕೆ ನಿನ್ನೆ ಹೊಡೆದ ಔಷಧಿಯ ವಾಸನೆ. ಅಷ್ಟೇ. ಮಲೆನಾಡಿನಲ್ಲಿ ಗಂಧಸಾಲೆಯ ಗದ್ದೆ ಹೂವಾದಾಗ ದಾರಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಇಲ್ಲಿ ಕಣ್ಣಳತೆ ಮುಗಿಯುವವರೆಗೂ ನೆಲ್ಲು, ಮೂಗಿಗೆ ಮಾತ್ರ ಏನೂ ಇಲ್ಲ.

ಈ ಬಯಲಿಗೆ ನೆಲ್ಲು ಹಳೆಯದೂ ಅಲ್ಲ. ಆನೆಗೊಂದಿಯ ಹೊಳೆದಂಡೆಯಲ್ಲಿ ವಿಜಯನಗರದ ಕಾಲುವೆಗಳ ಕೆಳಗೆ ಭತ್ತವಿತ್ತು, ನಿಜ. ಆದರೆ ಸಿದ್ದಾಪುರ, ಕಾರಟಗಿ ಕಡೆಯ ಕರಿಮಣ್ಣು ಜೋಳ, ಸಜ್ಜೆ, ಹತ್ತಿಯದಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟ ಮೇಲೆ ಎಲ್ಲ ಬದಲಾಯಿತು. ಎಡದಂಡೆ ಕಾಲುವೆಯ ಹಿಂದೆಯೇ ಕೃಷ್ಣಾ, ಗೋದಾವರಿ ಸೀಮೆಯ ರೈತರು ಬಂದು ಕ್ಯಾಂಪು ಕಟ್ಟಿಕೊಂಡರು. ಅವರೊಂದಿಗೆ ಕೆಸರುಗದ್ದೆಯ ಕಲೆ ಬಂತು, ಆಮೇಲೆ ಆಂಧ್ರದ ಬಾಪಟ್ಲದಲ್ಲಿ ಸಿದ್ಧವಾದ ತಳಿಗಳು ಬಂದವು. ಇವತ್ತು ಗಂಗಾವತಿಯಿಂದ ಸಿಂಧನೂರಿನವರೆಗೆ ರಸ್ತೆಯ ಎರಡೂ ಬದಿ ನೆಲ್ಲು, ನಡುನಡುವೆ ಗಿರಣಿ. ಚೀಲದ ಮೇಲೆ ಸೋನಾ ಮಸೂರಿ ಎಂದು ಬರೆದಿರುತ್ತದೆ. ಒಳಗೆ ಬಿಪಿಟಿ 5204 ಇರಬಹುದು, ಇನ್ನೊಂದು ಸಣ್ಣಕ್ಕಿ ಇರಬಹುದು.

ಈ ಮಸೂರಿಯ ವಂಶಾವಳಿಯನ್ನು ಹುಡುಕುತ್ತಾ ಹೋದರೆ ನಾವು ಮಲಯಕ್ಕೆ ತಲುಪುತ್ತೇವೆ. 1950ರ ದಶಕದಲ್ಲಿ ಕಟಕ್‌ನಲ್ಲಿ ಇಂಡಿಕಾ, ಜಪಾನಿಕಾ ಭತ್ತಗಳನ್ನು ಕೂಡಿಸುವ ಅಂತರರಾಷ್ಟ್ರೀಯ ಯೋಜನೆಯೊಂದು ನಡೆಯಿತು. ತೈವಾನಿನ ತೈಚುಂಗ್ 65ಕ್ಕೂ ಮಲಯದ ಮಯಾಂಗ್ ಎಬೊಸ್ ಎಂಬ ತಳಿಗೂ ಹುಟ್ಟಿದ ಪೈರು ಮಲೇಷ್ಯಾದಲ್ಲಿ 1965ರಲ್ಲಿ ಮಸೂರಿ ಎಂಬ ಹೆಸರಿನಿಂದ ಹೊರಬಂತು. ಅದನ್ನು ಬಾಪಟ್ಲದಲ್ಲಿ ಸೋನಾ ತಳಿಯೊಂದಿಗೆ ಕೂಡಿಸಿದ್ದೇ ನಮ್ಮ ಸೋನಾ ಮಸೂರಿ. ಅಂದರೆ ಸಿದ್ದಾಪುರದ ಅನ್ನದ ಅಜ್ಜಿಯ ಮನೆ ಮಲಯದಲ್ಲಿದೆ. ಆ ಸೀಮೆಯಲ್ಲಿ ಸಪ್ಪೆ ಅಕ್ಕಿ ಬೇಯಿಸುವಾಗ ಪಾತ್ರೆಗೆ ಒಂದು ಉದ್ದನೆಯ ಹಸಿರೆಲೆ ಗಂಟು ಹಾಕಿ ಇಳಿಬಿಡುತ್ತಾರೆ. ಅಕ್ಕಿ ನಮ್ಮವರೆಗೆ ಬಂತು, ಎಲೆ ಬರಲಿಲ್ಲ. ಕರಾವಳಿಗೆ ಬಂದಿತ್ತು, ಒಣಸೀಮೆಗೆ ಬಂದಿರಲಿಲ್ಲ.

ನನ್ನ ಹಿತ್ತಲಿನ ಗಿಡ ಹಾಗೆ ಕರಾವಳಿಯಿಂದ ಬಂದ ಮರಿ. ನರ್ಸರಿಯವರು ಇದನ್ನು ಬಾಸ್ಮತಿ ಗಿಡ ಎಂದು ಮಾರುತ್ತಾರೆ. ಕೇರಳದಲ್ಲಿ ಇದು ಬಿರಿಯಾನಿ ಕೈತೆ, ಸಿಂಹಳದಲ್ಲಿ ರಂಪೆ, ವಿಯೆಟ್ನಾಮಿನಲ್ಲಿ ಲಾ ಜುವಾ, ಜಗತ್ತಿನ ಅಡುಗೆ ಪುಸ್ತಕಗಳಲ್ಲಿ ಪಾಂಡಾನ್. ಸಸ್ಯಶಾಸ್ತ್ರದಲ್ಲಿ ಪ್ಯಾಂಡಾನಸ್ ಅಮರಿಲ್ಲಿಫೋಲಿಯಸ್. ನಮ್ಮ ಕೇದಗೆಯ ದಾಯಾದಿ.

ನುಗ್ಗೆಮರದ ಅರೆನೆರಳಿನಲ್ಲಿ, ಬಚ್ಚಲ ನೀರು ಹಾಯುವ ಕಡೆ ನೆಟ್ಟೆ. ಮೊದಲ ಬೇಸಿಗೆ ಅದು ಬದುಕಿದ್ದೇ ಹೆಚ್ಚು. ಏಪ್ರಿಲ್ ಕೊನೆಗೆ ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಎಲೆಯ ತುದಿಗಳು ಕಂದಾಗಿ ಸುಟ್ಟವು, ಹೊಸ ಎಲೆ ಕಿರಿದಾಗಿ ಬಂತು. ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟು ಸುತ್ತಲಿನ ಹೊಲಗಳೆಲ್ಲ ಕೆಸರಾದ ಮೇಲೆ ಊರಿನ ಗಾಳಿಯೇ ಬೇರೆಯಾಗುತ್ತದೆ. ಗಿಡಕ್ಕೆ ಅದು ನಮಗಿಂತ ಮೊದಲು ಗೊತ್ತಾಗುತ್ತದೆ. ಆಗ ಬರುವ ಎಲೆ ಎರಡು ಬೆರಳಗಲ, ಮೊಳ ದಾಟುವ ಉದ್ದ, ನಡುವೆ ಮಡಿಕೆ, ಎಳೆಯ ಹಸಿರು. ಮೇಲಿಂದ ನೋಡಿದರೆ ಎಲೆಗಳು ಮೂರು ಸಾಲಾಗಿ ತಿರುಚಿಕೊಂಡು ಹತ್ತುವುದು ಕಾಣುತ್ತದೆ. ಇದು ಇಡೀ ಕೇದಗೆ ಕುಲದ ಗುರುತು. ಆದರೆ ಕೇದಗೆಯ ಎಲೆಯಂಚಿನಲ್ಲೂ ನಡುನರದಲ್ಲೂ ಗರಗಸದ ಮುಳ್ಳು; ಇದರಲ್ಲಿ ತುದಿಯ ಹತ್ತಿರ ಬೆರಳು ಸವರಿದಾಗ ಮಾತ್ರ ತಾಗುವ ನಾಲ್ಕಾರು ಚೂಪುಗಳು, ಉಳಿದದ್ದೆಲ್ಲ ನುಣುಪು.

ಮಳೆ ನಿಂತ ಮೇಲೆ ಎಲೆಯ ಬುಡಗಳಲ್ಲಿ ನೀರು ನಿಲ್ಲುತ್ತದೆ. ಒಂದು ಸಂಜೆ ಟಾರ್ಚು ಹಾಕಿದಾಗ ಅಲ್ಲಿ ಮರಗಪ್ಪೆಯೊಂದು ಕಾಲು ಮಡಚಿ ಕೂತಿತ್ತು. ಆಮೇಲೆ ಹಿಟ್ಟುತಿಗಣೆ ಬಂತು, ಅದನ್ನು ಕಾಯಲು ಇರುವೆ ಬಂತು. ಆಗಸ್ಟ್ ತಿಂಗಳೆಲ್ಲ ಗೀಜಗಗಳು ಬಾವಿಯ ಮೇಲಿನ ಜಾಲಿಯಲ್ಲಿ ಗೂಡು ನೇಯುತ್ತಿದ್ದವು. ಗಂಡುಹಕ್ಕಿ ನೆಲ್ಲಿನ ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾರುತ್ತಲೇ ಎಳೆ ಸೀಳಿಕೊಂಡು ಹೋಗುತ್ತದೆ. ನನ್ನ ಗಿಡ ಅದರ ದಾರಿಯಲ್ಲೇ ಇತ್ತು, ಎಲೆಗಳೂ ಉದ್ದ, ನಾರೂ ಗಟ್ಟಿ. ಒಂದು ಹಕ್ಕಿಯೂ ಅದನ್ನು ಮುಟ್ಟಲಿಲ್ಲ. ಅಂಚು ಕಚ್ಚಲಾಗದಷ್ಟು ದಪ್ಪವೋ, ಪರಿಚಯವಿಲ್ಲದ ಗಿಡವೆಂಬ ಅಸಡ್ಡೆಯೋ, ಗೀಜಗವೇ ಹೇಳಬೇಕು.

ಕಾಯುತ್ತಿದ್ದವರಿಗೆ ಈ ಗಿಡ ಹೂ ತೋರಿಸುವುದಿಲ್ಲ. ಕಲ್ಕತ್ತೆಯ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವಿಲಿಯಂ ರಾಕ್ಸ್‌ಬರ್ಗ್ ಮಲುಕು ದ್ವೀಪಗಳ ಅಂಬೊಯಿನಾದಿಂದ ಬಂದ ಗಿಡವನ್ನು ನೋಡಿ ಇದಕ್ಕೆ ಹೆಸರಿಟ್ಟ. ಅವನ ಬರಹ ಅಚ್ಚಾದದ್ದು ಅವನು ತೀರಿಹೋದ ಮೇಲೆ, 1832ರಲ್ಲಿ. 1978ರಲ್ಲಿ ಬೆಂಜಮಿನ್ ಸ್ಟೋನ್ ಎಂಬ ಸಸ್ಯಶಾಸ್ತ್ರಜ್ಞ ಇದರ ಗೊಂದಲಗಳನ್ನೆಲ್ಲ ಬಿಡಿಸಿದಾಗಲೂ ಕೈಗೆ ಸಿಕ್ಕಿದ್ದು ಮಲುಕು ಕಡೆಯ ಗಂಡು ಹೂಗೊಂಚಲು ಮಾತ್ರ. ಹೆಣ್ಣು ಹೂ ದಾಖಲಾಗಿಲ್ಲ, ಬೀಜವಿಲ್ಲ. ಹಾಗಾಗಿ ಹಿತ್ತಲಿನಿಂದ ಹಿತ್ತಲಿಗೆ, ದೋಣಿಯಿಂದ ದೋಣಿಗೆ ಮರಿ ಕಿತ್ತು ನೆಟ್ಟವರ ಕೈಯಿಂದಲೇ ಇದು ಇಷ್ಟು ದೇಶ ತಿರುಗಿದೆ. ಮನುಷ್ಯ ಕೈಬಿಟ್ಟರೆ ಇದಕ್ಕೆ ಊರು ದಾಟುವ ಬೇರೆ ದಾರಿ ಇಲ್ಲ.

ಕೇದಗೆಯ ಕಥೆ ಪೂರ್ತಿ ತಿರುಗುಮುರುಗು. ಅಲ್ಲಿ ಗಂಧವಿರುವುದು ಗಂಡು ಹೂವಿನಲ್ಲಿ; ಒಡಿಶಾದ ಗಂಜಾಂನಲ್ಲಿ ಅದರಿಂದ ಅತ್ತರು ಇಳಿಸುತ್ತಾರೆ. ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಶಿವಪೂಜೆಯಿಂದ ಹೊರಬಿದ್ದ ಹೂವೂ ಅದೇ. ಕೇದಗೆ ಪೊದೆಯ ವಾಸನೆಗೆ ನಾಗರಹಾವು ಬರುತ್ತದೆ ಎಂಬ ಮಾತು ನಮ್ಮ ಕಡೆಯೂ ಉಂಟು. ಹಾವು ಬರುವುದು ಮುಳ್ಳುಪೊದೆಯ ಬುಡದಲ್ಲಿ ಸಿಗುವ ಇಲಿ, ಕಪ್ಪೆಗೆ. ಅತ್ತರಿನ ಶೋಕಿ ಅದಕ್ಕಿಲ್ಲ. ಎಲೆಯ ವಿಷಯದಲ್ಲಿ ಮಾತ್ರ ಕರಾವಳಿಯವರು ನಮಗಿಂತ ಮುಂದೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ಅಷ್ಟಮಿಗೆ ಮೂಡೆ ಕಟ್ಟುತ್ತಾರೆ. ಕೇದಗೆ ಕುಲದ್ದೇ ಆದ ಮುಂಡೇವಿನ ಎಲೆಯ ಮುಳ್ಳು ಹೆರೆದು, ಬೆಂಕಿಗೆ ಹಿಡಿದು ಬಾಡಿಸಿ, ಸುತ್ತಿ ಕೊಳವೆ ಮಾಡಿ, ಅಕ್ಕಿ-ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಎಲೆ ಬಿಚ್ಚಿದಾಗ ಕಡುಬಿನ ಮೈಮೇಲೆ ಅದರ ಸುತ್ತುಗಳ ಗುರುತು, ಮೂಗಿಗೆ ಅದರ ಕಂಪು. ಅಕ್ಕಿಗೂ ಈ ಕುಲದ ಎಲೆಗೂ ನಂಟು ಬೆಳೆಸಲು ನಾವು ವಿಯೆಟ್ನಾಮಿನವರೆಗೆ ಹೋಗಬೇಕಾಗಿರಲಿಲ್ಲ.

ಗಿಡದಲ್ಲಿರುವಾಗ ಪಾಂಡಾನ್ ಎಲೆಗೆ ವಾಸನೆ ಇಲ್ಲವೆಂದೇ ಹೇಳಬೇಕು. ಬೆಳಿಗ್ಗೆ, ನಡುಹಗಲು, ರಾತ್ರಿ ಮೂಸಿ ನೋಡಿದ್ದೇನೆ. ಹಸಿಯಾಗಿ ಹರಿದು ಮೂಸಿದರೆ ಹುಲ್ಲು. ಕೊಯ್ದು ನೆರಳಿನಲ್ಲಿ ಬಾಡಲು ಬಿಟ್ಟರೆ ಗಂಧ ನಿಧಾನಕ್ಕೆ ಏಳುತ್ತದೆ. ಬಿಸಿನೀರು ತಾಗಿದರೆ ಥಟ್ಟನೆ. ಅದು ಬಾಸ್ಮತಿ ಅನ್ನದ ಮುಚ್ಚಳ ತೆಗೆದಾಗಿನ ವಾಸನೆ, ಬರೀ ಹೋಲಿಕೆಯಲ್ಲ, ಅದೇ ವಸ್ತು. ಕ್ಯಾಲಿಫೋರ್ನಿಯಾದ ರಾನ್ ಬಟರಿ, ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಬಿಯೆನ್ವೆನಿಡೊ ಜೂಲಿಯಾನೊ ಮತ್ತು ಸಂಗಡಿಗರು 1982ರಲ್ಲಿ ಸುವಾಸನೆಯ ಅಕ್ಕಿಯಿಂದ ಅದನ್ನು ಬೇರ್ಪಡಿಸಿದರು: 2-ಅಸಿಟೈಲ್-1-ಪಿರೊಲಿನ್. ಮರುವರ್ಷ ಪಾಂಡಾನ್ ಎಲೆಯಲ್ಲೂ ಅದನ್ನೇ ಕಂಡರು, ಸುವಾಸನೆಯ ಅಕ್ಕಿಗಿಂತ ಹತ್ತುಪಟ್ಟು, ಸಾದಾ ಅಕ್ಕಿಗಿಂತ ನೂರುಪಟ್ಟು. ಸಾವಿರ ಕೋಟಿ ಹನಿ ನೀರಿಗೆ ಒಂದು ಹನಿ ಬೆರೆತಿದ್ದರೂ ಮನುಷ್ಯನ ಮೂಗು ಇದನ್ನು ಹಿಡಿಯುತ್ತದೆ. ನಮ್ಮ ಸಾದಾ ಅಕ್ಕಿಯಲ್ಲಿ ಇದು ಪೂರ್ತಿ ಇಲ್ಲವೆಂದಲ್ಲ. ಲೆಕ್ಕಕ್ಕೆ ಸಿಗದಷ್ಟು ಕಡಿಮೆ.

ಏಕೆ ಕಡಿಮೆ ಎಂಬುದು 2005ರಲ್ಲಿ ಆಸ್ಟ್ರೇಲಿಯಾದಲ್ಲಿ ತಿಳಿಯಿತು. ಸಾದಾ ನೆಲ್ಲಿನಲ್ಲಿ ಒಂದು ಕಿಣ್ವವಿದೆ. ಗಂಧವಾಗಬಹುದಾಗಿದ್ದ ಕಚ್ಚಾವಸ್ತುವನ್ನು ಅದು ಬೇರೆ ಕೆಲಸಕ್ಕೆ ತಿರುಗಿಸಿಬಿಡುತ್ತದೆ. ಬಾಸ್ಮತಿ, ಜಾಸ್ಮಿನ್‌ಗಳಲ್ಲಿ ಆ ಕಿಣ್ವದ ಜೀನಿನಿಂದ ಎಂಟು ಅಕ್ಷರ ಬಿದ್ದುಹೋಗಿವೆ. ಕಿಣ್ವ ಕೆಟ್ಟಿದೆ, ಕಚ್ಚಾವಸ್ತು ಶೇಖರವಾಗುತ್ತದೆ, ಗಂಧ ಹುಟ್ಟುತ್ತದೆ. ನಾವು ಚಿನ್ನದ ಬೆಲೆ ಕೊಟ್ಟು ಕೊಳ್ಳುವ ಪರಿಮಳ ಒಂದು ಕೆಟ್ಟುಹೋದ ಜೀನಿನ ಫಲ. ಸಿದ್ದಾಪುರದ ನೆಲ್ಲು ಆರೋಗ್ಯವಾಗಿರುವುದರಿಂದಲೇ ಸಪ್ಪೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ರತನ್‌ಲಾಲ್ ಬ್ರಹ್ಮಚಾರಿ ಹುಲಿಯ ವಾಸನೆಯ ಬೆನ್ನುಹತ್ತಿದ ಮನುಷ್ಯ. ಹುಲಿ ತನ್ನ ಗಡಿ ಗುರುತಿಸಲು ಮರಕ್ಕೆ ಸಿಂಪಡಿಸುವ ದ್ರವದಲ್ಲಿ ಇದೇ ಪಿರೊಲಿನ್ ಇದೆಯೆಂದು ಅವರ ತಂಡ 1990ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆಯಿತು. ಹಳೆಯ ಮನೆಗಳ ಅಟ್ಟಕ್ಕೆ ಮರಬೆಕ್ಕು ಸೇರಿಕೊಂಡರೆ ನಡುರಾತ್ರಿ ಯಾರೋ ಬಾಸ್ಮತಿಗೆ ನೀರಿಟ್ಟಂತೆ ಗಮ್ಮೆನ್ನುತ್ತದೆ. ಮಲಯದವರು ಆ ಪ್ರಾಣಿಯನ್ನೇ ಪಾಂಡಾನ್ ಬೆಕ್ಕು ಎನ್ನುತ್ತಾರೆ. ಎಲೆ, ಕಾಳು, ಹುಲಿ, ಬೆಕ್ಕು. ಗಿಡಗಳೂ ಪ್ರಾಣಿಗಳೂ ಒಂದೇ ಅಣುವಿಗೆ ಬಂದು ತಲುಪಿವೆ. ಈ ಪಟ್ಟಿಗೆ ಅಡುಗೆಮನೆಯೂ ಸೇರುತ್ತದೆ: ಗೋಧಿ ಬ್ರೆಡ್ಡಿನ ಹೊರಪದರ ಒಲೆಯಲ್ಲಿ ಕಂದಾಗುವಾಗ ಹಿಟ್ಟಿನಲ್ಲಿರುವ ಪ್ರೋಲಿನ್ ಎಂಬ ಅಮೈನೊ ಆಮ್ಲ ಸಕ್ಕರೆಯೊಂದಿಗೆ ಕೂಡಿ ಇದನ್ನೇ ಹುಟ್ಟಿಸುತ್ತದೆ. ವಿಯೆಟ್ನಾಮಿನ ಬೀದಿಗಳಲ್ಲಿ ಮಾರುವ ಹಸಿರು ವಾಫಲ್ ನನ್ನ ಕುತೂಹಲಕ್ಕೆ ಬಿದ್ದದ್ದು ಇದರಿಂದಲೇ. ಎಲೆಯ ಗಂಧ ಒಳಗಿನ ಮೆತ್ತೆಯಲ್ಲಿ, ಸುಟ್ಟ ಪದರದ ಗಂಧ ಹೊರಗೆ, ಎರಡೂ ಒಂದೇ. ಎರಡು ದಾರಿಯಿಂದ ಬಂದ ಒಂದೇ ವಾಸನೆಯನ್ನು ಒಂದೇ ತುತ್ತಿನಲ್ಲಿ ಹಿಡಿಯಬಹುದಾದ ತಿನಿಸು ನನಗೆ ಗೊತ್ತಿರುವಂತೆ ಬೇರೆ ಇಲ್ಲ.

ವಾಫಲ್ಲಿನ ಜೋಡಿ ಕಬ್ಬಿಣ ಯುರೋಪಿನದು. ವಿಯೆಟ್ನಾಮಿಗೆ ಅದು ಬಂದದ್ದು ಫ್ರೆಂಚರ ಜೊತೆ. ಅಲ್ಲಿನವರು ಹಾಲು, ಬೆಣ್ಣೆಯನ್ನು ಬದಿಗಿಟ್ಟು ತೆಂಗಿನಹಾಲು ತಂದರು, ಗೋಧಿಗೆ ಅಕ್ಕಿಹಿಟ್ಟನ್ನೂ ಮರಗೆಣಸಿನ ಪಿಷ್ಟವನ್ನೂ ಬೆರೆಸಿದರು, ಎಲೆರಸ ಹೊಯ್ದರು. ಬಾನ್ ಕೆಪ್ ಎಂಬುದು ಅವರ ಹೆಸರು. ನಾವು ಪಡ್ಡಿನ ಹಂಚಿನ ಜನ, ಕುಳಿಗೆ ಹಿಟ್ಟು ಹೊಯ್ದು ಬೇಯಿಸುವುದು ಹೊಸದಲ್ಲ. ಎರಡು ಕಡೆಯಿಂದಲೂ ಏಕಕಾಲಕ್ಕೆ ಕಾವು ಕೊಡುವುದಷ್ಟೇ ಹೊಸದು.

ಎಲೆ ಕೊಯ್ಯುವಾಗ ಕೆಳಗಿನ ಬಲಿತವನ್ನೇ ತೆಗೆಯುತ್ತೇನೆ. ಎಳೆಯದರಲ್ಲಿ ಹಸಿರು ಚೆನ್ನ, ಗಂಧ ತೆಳು. ಹತ್ತು ಹನ್ನೆರಡು ಎಲೆ ತೊಳೆದು, ನೆರಳಿನಲ್ಲಿ ತುಸು ಬಾಡಿಸಿ, ನಾರಿಗೆ ಅಡ್ಡಲಾಗಿ ಸಣ್ಣಗೆ ಕತ್ತರಿಸಬೇಕು. ಉದ್ದಕ್ಕೆ ಕತ್ತರಿಸಿದರೆ ಮಿಕ್ಸಿಯ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಅರ್ಧ ಬಟ್ಟಲು ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಗಾಜಿನ ಲೋಟದಲ್ಲಿ ಫ್ರಿಜ್ಜಿನಲ್ಲಿಡಬೇಕು. ಈ ಲೋಟವನ್ನು ನೋಡುತ್ತಾ ಕೂರುವುದು ನನಗೆ ಇಷ್ಟ. ಮೊದಲು ಇಡೀ ರಸ ಒಂದೇ ಬಣ್ಣ. ಆಮೇಲೆ ಮೇಲ್ಭಾಗ ತಿಳಿಯಾಗುತ್ತಾ, ಹಸಿರೆಲ್ಲ ತಳಕ್ಕೆ ಇಳಿಯುತ್ತಾ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಮೇಲೆ ಮಂಕು ಹಳದಿ ನೀರು, ಕೆಳಗೆ ಕಪ್ಪುಗಟ್ಟಿದ ಹಸಿರಿನ ಗಷ್ಟು. ಆ ಗಷ್ಟು ಒಡೆದ ಎಲೆಕೋಶಗಳ ಪತ್ರಹರಿತು. ಮೇಲಿನ ನೀರನ್ನು ಚೆಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಮೂಸಿ ನೋಡಿ, ಗಂಧ ಅದರಲ್ಲೂ ಇದೆ. ನಾನು ಅದನ್ನು ಮಧ್ಯಾಹ್ನದ ಅನ್ನದ ಎಸರಿಗೆ ಹಾಕುತ್ತೇನೆ. ಗಿರಣಿಯ ಸಾದಾ ಅಕ್ಕಿ ಒಂದು ಹೊತ್ತಿನ ಮಟ್ಟಿಗೆ ಗಂಧಸಾಲೆಯಾಗುತ್ತದೆ.

ಹಿಟ್ಟಿಗೆ ಒಂದು ಬಟ್ಟಲು ಮೈದಾ, ಮುಕ್ಕಾಲು ಬಟ್ಟಲು ಅಕ್ಕಿಹಿಟ್ಟು, ಕಾಲು ಬಟ್ಟಲು ಮರಗೆಣಸಿನ ಪಿಷ್ಟ, ಅರ್ಧ ಬಟ್ಟಲು ಸಕ್ಕರೆ, ಎರಡು ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಪಿಷ್ಟ ಸಿಗದಿದ್ದರೆ ಸಾಬೂದಾಣಿಯನ್ನು ನುಣ್ಣಗೆ ಪುಡಿಮಾಡಿ ಜರಡಿ ಹಿಡಿದರೆ ನಡೆಯುತ್ತದೆ, ಅದೂ ಮರಗೆಣಸೇ. ಇನ್ನೊಂದು ಪಾತ್ರೆಯಲ್ಲಿ ಎರಡು ಮೊಟ್ಟೆ, ಒಂದೂವರೆ ಬಟ್ಟಲು ಗಟ್ಟಿ ತೆಂಗಿನಹಾಲು, ಮೂರು ಚಮಚ ಎಣ್ಣೆ, ತಳದ ಹಸಿರು ಗಷ್ಟು. ಎರಡನ್ನೂ ಕೂಡಿಸಿ, ಗಂಟೊಡೆದರೆ ಸಾಕು. ಹೆಚ್ಚು ತಿರುವಿದರೆ ಮೈದಾ ಜಿಗುಟಾಗುತ್ತದೆ. ಅರ್ಧ ತಾಸು ಬಿಟ್ಟರೆ ಅಕ್ಕಿಹಿಟ್ಟು ನೀರು ಕುಡಿದು ಹದಕ್ಕೆ ಬರುತ್ತದೆ. ಅಕ್ಕಿಹಿಟ್ಟಿಗೆ ಹಳೆಯ ಅಕ್ಕಿಯೇ ಮೇಲು, ಹೊಸದು ಅಂಟುತ್ತದೆ. ಮೊಟ್ಟೆ ಒಲ್ಲದ ಮನೆಗಳಲ್ಲಿ ಪಿಷ್ಟವನ್ನು ತುಸು ಹೆಚ್ಚಿಸಿ ಮಾಡಬಹುದು. ಹೊರಗೆ ಗರಿಗರಿ ಬರುತ್ತದೆ, ಒಳಗಿನ ಎಳೆತ ಬರುವುದಿಲ್ಲ. ನನಗೆ ಮೊಟ್ಟೆಯದೇ ಸರಿ ಎನಿಸುತ್ತದೆ.

ಹಸಿರು ಉಳಿಯುವುದು ನಂಬಿಕೆಯ ಮಾತಲ್ಲ. ಪತ್ರಹರಿತಿನ ನಡುವೆ ಮೆಗ್ನೀಷಿಯಂನ ಒಂದು ಪರಮಾಣು ಕೂತಿದೆ. ಕಾವು ಮತ್ತು ಹುಳಿ ಎರಡೂ ಸೇರಿದರೆ ಅದು ಕಳಚಿಕೊಂಡು ಬಣ್ಣ ಸೊಪ್ಪಿನ ಸಾರಿನದಾಗುತ್ತದೆ. ಚಿಟಿಕೆ ಅಡುಗೆ ಸೋಡಾ ಅದನ್ನು ತಡೆಯುತ್ತದೆ, ಚಿಟಿಕೆ ದಾಟಿದರೆ ಸಾಬೂನಿನ ರುಚಿ. ಅಂಗಡಿಯ ಬಾಟಲಿ ಎಸೆನ್ಸು ಹಾಕಿದರೆ ಗಿಳಿಹಸಿರು ಗ್ಯಾರಂಟಿ. ಆದರೆ ಅದನ್ನು ಹಾಕುವವರು ಗಿಡ ಬೆಳೆಸುವ ತೊಂದರೆ ಯಾಕೆ ತೆಗೆದುಕೊಳ್ಳಬೇಕು? ಎಲೆಯ ಹಸಿರು ಮಾಸಲಾಗಿಯೇ ಇರುತ್ತದೆ.

ಗ್ಯಾಸಿನ ಮೇಲಿಡುವ ಕೈಹಿಡಿಯ ಜೋಡಿಹಂಚೇ ನಮ್ಮೂರಿಗೆ ಸರಿ. ಕರೆಂಟು ನಂಬಿದರೆ ಹಿಟ್ಟು ಹುಳಿಯುತ್ತದೆ. ಎರಡೂ ಮುಖ ಚೆನ್ನಾಗಿ ಕಾದ ಮೇಲೆ ಎಣ್ಣೆ ಸವರಿ, ಹಿಟ್ಟು ಹೊಯ್ದು, ಮುಚ್ಚಿ, ತಕ್ಷಣ ತಿರುವಬೇಕು. ಆಮೇಲೆ ಕಣ್ಣಿಡಬೇಕಾದದ್ದು ಬದಿಯಿಂದ ಏಳುವ ಹಬೆಯ ಮೇಲೆ. ಮೊದಲು ದಟ್ಟ ಬಿಳಿ ಹಬೆ, ತೆಂಗಿನ ವಾಸನೆ. ಹಬೆ ತೆಳುವಾಗುತ್ತಾ ಬಂದಂತೆ ಎಲೆಯ ವಾಸನೆ. ಹಬೆ ಬಹುಪಾಲು ನಿಂತ ಮೇಲೆ, ಮೇಲ್ಪದರದ ನೀರು ಆರಿ ಅದರ ಕಾವು ನೂರು ಡಿಗ್ರಿ ದಾಟಿದಾಗ, ಕಂದುಗಟ್ಟುವಿಕೆ ಶುರುವಾಗುತ್ತದೆ. ಅಲ್ಲಿಯವರೆಗೆ ತೆರೆಯಬಾರದು, ತೆರೆದರೆ ವಾಫಲ್ ಎರಡು ಸೀಳಾಗಿ ಎರಡೂ ಹಂಚಿಗೆ ಅಂಟುತ್ತದೆ. ತೆಗೆದದ್ದನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಬೇಡಿ, ತಮ್ಮ ಹಬೆಗೆ ತಾವೇ ಮೆತ್ತಗಾಗುತ್ತವೆ. ಜಾಲರಿಯ ಮೇಲಿಡಿ, ಬಿಸಿ ಇರುವಾಗಲೇ ತಿನ್ನಿ. ಪಿರೊಲಿನ್ ಬೇಗ ಹಾರಿಹೋಗುವ ವಸ್ತು. ಸಂಜೆಗೆ ಉಳಿದ ವಾಫಲ್ಲಿನಲ್ಲಿ ಸಕ್ಕರೆ, ತೆಂಗು ಇರುತ್ತವೆ, ಅದು ಇರುವುದಿಲ್ಲ. ಹೆಚ್ಚಾದ ಎಲೆಯನ್ನು ಒಣಗಿಸಿಡುವುದಕ್ಕಿಂತ ಡೀಪ್ ಫ್ರೀಜರಿನಲ್ಲಿಡುವುದು ವಾಸಿ ಎನ್ನುವುದೂ ಇದೇ ಕಾರಣಕ್ಕೆ.

ಇನ್ನೊಂದು ವಿಷಯ ನೋಡುವುದಿದೆ. ತುಂಗಭದ್ರಾ ಯೋಜನೆಯಲ್ಲಿ ಈ ಎಡದಂಡೆಯ ಹೆಚ್ಚಿನ ಹೊಲಗಳಿಗೆ ಗೊತ್ತುಮಾಡಿದ್ದು ಕಡಿಮೆ ನೀರಿನ ಬೆಳೆಗಳನ್ನು, ಬೆಳೆದದ್ದು ನೆಲ್ಲು. ನೀರು ನಿಂತು, ಉಪ್ಪು ಮೇಲೆ ಬಂದು, ಎಷ್ಟೋ ಹೊಲ ಸವುಳು-ಜವುಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವುಳು ತಡೆಯುವ ನೆಲ್ಲಿನ ಮೇಲೆ ಕೆಲಸ ಮಾಡುತ್ತಾ ಬಂದಿರುವುದು ಇದಕ್ಕಾಗಿಯೇ. ಉಪ್ಪು ಹೆಚ್ಚಾದಾಗ ನೆಲ್ಲು ತನ್ನನ್ನು ಉಳಿಸಿಕೊಳ್ಳಲು ಪ್ರೋಲಿನ್ ಕೂಡಿಡುತ್ತದೆ. ಸುವಾಸನೆಯ ತಳಿಗಳಲ್ಲಿ ಆ ಪ್ರೋಲಿನ್ನಿನಿಂದ ಪಿರೊಲಿನ್ನೂ ಏರುತ್ತದೆ. ಇಳುವರಿ ಕಡಿಮೆ, ಗಂಧ ಹೆಚ್ಚು. ಈ ಮಳೆಗಾಲದಲ್ಲಿ ಗಿಡದ ಬುಡದಲ್ಲಿ ಮರಿಗಳು ಎದ್ದಿವೆ. ಕೆಲವನ್ನು ಕ್ಯಾಂಪಿನ ಮನೆಗಳಿಗೆ ಕೊಟ್ಟೆ, ಒಂದನ್ನು ಬಸಿಗಾಲುವೆಯ ಪಕ್ಕದ ಬಿಳಿಪೊರೆ ಕಟ್ಟುವ ಮಣ್ಣಿನಲ್ಲಿ ನೆಟ್ಟಿದ್ದೇನೆ. ಹಳೆಯ ಎಲೆಗಳು ಹಳದಿಯಾಗಿವೆ, ಸುಳಿ ಹಸಿರಿದೆ. ಎಲೆ ಬಲಿತ ಮೇಲೆ ಹಿತ್ತಲಿನದನ್ನೂ ಇದನ್ನೂ ಬೇರೆಬೇರೆ ಲೋಟದಲ್ಲಿ ನೆನೆಸಿ, ಯಾವುದು ಯಾವುದೆಂದು ಹೇಳದೆ ಮನೆಯವರಿಗೆ ಮೂಸಲು ಕೊಡಬೇಕು.